ಮರುಕಳಿಕೆ (ಮದ್ಯವ್ಯಸನ)

ಕುಡಿತ ಬಿಟ್ಟವರು ಮತ್ತೆ ಕುಡಿತಕ್ಕೆ ಬೀಳುವುದು. ವೈದ್ಯಶಾಸ್ತ್ರ ಇದನ್ನು ಮನೋಬಲದ ಸೋಲೆನ್ನದೆ, ದೀರ್ಘಕಾಲದ ಕಾಯಿಲೆ ಉಲ್ಬಣಿಸಿದಂತೆ ಕಾಣುತ್ತದೆ. ‘ಹೇಗೂ ಕೆಟ್ಟೆನಲ್ಲ’ ಎಂಬ ಹತಾಶೆಯೇ ಒಂದು ಪೆಗ್ಗನ್ನು ಮತ್ತೆ ಚಟವಾಗಿಸುತ್ತದೆಂದು ಅಮೆರಿಕದ ಮನೋವಿಜ್ಞಾನಿ ಅಲನ್ ಮಾರ್ಲಾಟ್ ವಿವರಿಸಿದರು.

ಮರುಕಳಿಕೆಯಿಂದ ಎದ್ದುಬಂದವರಲ್ಲಿ ಪ್ರಸಿದ್ಧರು ಓಹಾಯೋದ ಆಕ್ರನ್ ನಗರದ ಶಸ್ತ್ರಚಿಕಿತ್ಸಕ ಡಾ. ಬಾಬ್ ಸ್ಮಿತ್. 1935ರಲ್ಲಿ ಕುಡಿತ ಬಿಟ್ಟ ಕೆಲವೇ ವಾರಗಳಲ್ಲಿ ಅಟ್ಲಾಂಟಿಕ್ ಸಿಟಿಯ ವೈದ್ಯ ಸಮ್ಮೇಳನಕ್ಕೆ ಹೋಗಿ, ಕಂಠಪೂರ್ತಿ ಕುಡಿದು ಮರಳಿದರು. ಆಪರೇಷನ್ ಇದ್ದ ದಿನ ಬೆಳಿಗ್ಗೆ ಕೈನಡುಕ ನಿಲ್ಲಲೆಂದು ಗೆಳೆಯ ಬಿಲ್ ವಿಲ್ಸನ್ನರೇ ಬಿಯರ್ ಕೊಟ್ಟರು, ಅದೇ ಕೊನೆಯದು. ಆ ದಿನವನ್ನು ಜೂನ್ 10 ಎಂದು ಗಣಿಸಿ, ಅವರಿಬ್ಬರೂ ಕಟ್ಟಿದ, ಕುಡಿತ ಬಿಡುವವರ ಪರಸ್ಪರ ನೆರವಿನ ಸಂಘ ಆಲ್ಕೊಹಾಲಿಕ್ಸ್ ಅನಾನಿಮಸ್ ತನ್ನ ಸ್ಥಾಪನಾ ದಿನವಾಗಿಸಿಕೊಂಡಿದೆ. ಬಿಯರಿನ ಉಪಾಯವೇನೂ ಅನುಕರಣೀಯವಲ್ಲ: ಹಠಾತ್ತನೆ ಬಿಟ್ಟರೆ ಫಿಟ್ಸ್, ಸನ್ನಿ ಬರಬಹುದಾದ್ದರಿಂದ ಈಗ ವೈದ್ಯರ ನಿಗಾದಲ್ಲಿ ಡಯಜೆಪಾಮ್ ಬಗೆಯ ಔಷಧ, ಥಯಮಿನ್ ಕೊಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ಚಿಕಿತ್ಸೆ ನೀಡುವ ವ್ಯಸನ ಚಿಕಿತ್ಸಾ ಕೇಂದ್ರವಿದೆ.