ಪದ ಪರಿಚಯ: ಪ್ರಚಾರ

ಪ್ರಚಾರ

‘ಅಡ್ಡಾಡು’ ಎಂಬರ್ಥದ ‘ಚರ್’ ಧಾತುವಿಗೆ ‘ಪ್ರ’ ಉಪಸರ್ಗ ಸೇರಿ ಆದ ಈ ಸಂಸ್ಕೃತ ಪದಕ್ಕೆ ಮೊದಲು ಸಂಚಾರ, ರೂಢಿ, ದನ ಮೇಯುವ ಬಯಲು ಎಂಬ ಅರ್ಥಗಳಿದ್ದವು. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದ ಹೆಸರಾದ ‘ಅಧ್ಯಕ್ಷಪ್ರಚಾರ’ಕ್ಕೆ ಅಧಿಕಾರಿಗಳ ಕಾರ್ಯಕಲಾಪವೆಂದೇ ಅರ್ಥವಿರುವುದರಿಂದ, ಸರ್ಕಾರಿ ಕಚೇರಿಗೂ ಈ ಪದಕ್ಕೂ ನಂಟು ಹಳೆಯದೆನ್ನಬೇಕು. ಮಲಯಾಳವು ‘ಪ್ರಚಾರಂ’ ಎಂಬುದನ್ನು ಬಳಕೆ, ಚಲಾವಣೆ ಎಂಬ ಅರ್ಥಕ್ಕೆ ಉಳಿಸಿಕೊಂಡು, ಜನಾಭಿಪ್ರಾಯ ಒಲಿಸಿಕೊಳ್ಳುವ ಕೆಲಸಕ್ಕೆ ‘ಪ್ರಚಾರಣಂ’ ಎಂಬ ಬೇರೆ ರೂಪವನ್ನಿಟ್ಟುಕೊಂಡಿದೆ. ಕನ್ನಡದಲ್ಲಿ ಎರಡೂ ಹೊರೆ ಒಂದೇ ಪದದ ಮೇಲಿದೆ.

ಆಳುವವರು ತಮ್ಮ ಮಾತನ್ನು ಹರಡುವುದರ ಜೊತೆಗೆ ಪರರ ಮಾತನ್ನು ತಡೆಯುವುದೂ ಉಂಟು. 1908ರ ಮೈಸೂರು ವೃತ್ತಪತ್ರಿಕಾ ಶಾಸನವು ಪತ್ರಿಕೆಗಳ ಮೇಲೆ ಸರ್ಕಾರದ ಹಿಡಿತವನ್ನು ಬಿಗಿಗೊಳಿಸಿದಾಗ, ‘ತಾತಯ್ಯ’ ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಕೊಳ್ಳೇಗಾಲ ಸೀಮೆಯ ಕೌದಳ್ಳಿಯಂಥ ಊರುಗಳು ಮೈಸೂರಿಗೆ ಸೇರದೆ 1956ರವರೆಗೂ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿದ್ದುದರಿಂದ ಆ ಶಾಸನದ ಬಿಸಿ ಅಲ್ಲಿಗೆ ತಟ್ಟಲಿಲ್ಲವಾದರೂ, ಮುದ್ರಣಾಲಯಗಳಿಂದ ಠೇವಣಿ ಕೇಳುತ್ತಿದ್ದ 1910ರ ಬ್ರಿಟಿಷ್ ಪತ್ರಿಕಾ ಕಾಯಿದೆ ತಪ್ಪಲಿಲ್ಲ.

ಸುಳ್ಳು ಹಬ್ಬಿಸಿ ಹೆಸರು ಕೆಡಿಸುವುದಕ್ಕೆ ಮಾತ್ರ ಸಲ್ಲುವ ‘ಅಪಪ್ರಚಾರ’ವನ್ನು ಇಲಾಖೆಗಳು ತಮಗೆ ಹಿಡಿಸದ ನಿಜ ವರದಿಗೂ ಅಂಟಿಸುವುದು ಪದದ ದುರ್ಬಳಕೆಯೇ ಸರಿ.