ಬೆಟ್ಟದ ಸೈಕಲ್ ದಾರಿಯನ್ನು ಮೊದಲು ಆರಿಸಿದವರು ಯಾರು?

ಹೆಲ್ಮೆಟ್ ತೊಟ್ಟವನೊಬ್ಬ ಕಡಿದಾದ ಬೆಟ್ಟದ ಮೇಲಿಂದ ಕಲ್ಲು, ಬೇರು, ಹಳ್ಳ ಎಲ್ಲವನ್ನೂ ಹಾರಿಸಿಕೊಂಡು ಸೈಕಲ್ ಇಳಿಸುವ ವೀಡಿಯೊ ನಿಮ್ಮ ಫೋನಿಗೂ ಬಂದಿರಬಹುದು. ಇದಕ್ಕೆ ಹೆಸರಾದ ಊರುಗಳಲ್ಲಿ ಸ್ಕಾಟ್ಲೆಂಡಿನ ಫೋರ್ಟ್ ವಿಲಿಯಂ ಒಂದು. 2002ರಿಂದ ಅಲ್ಲಿ ಮೌಂಟನ್ ಬೈಕ್ ವಿಶ್ವಕಪ್ ಪಂದ್ಯಗಳು ನಡೆದಿವೆ. ದಾರಿಯ ಉದ್ದ ಸುಮಾರು 2.8 ಕಿ.ಮೀ., ಇಳಿತ 555 ಮೀಟರ್. ಗೆಲ್ಲುವವರು ಅದನ್ನು ಐದು ನಿಮಿಷದೊಳಗೆ ಮುಗಿಸುತ್ತಾರೆ.

ಆ ವೀಡಿಯೊಗಳನ್ನು ನೋಡುವಾಗ ಸೈಕಲ್ಲಿಗಿಂತ ಹೆಚ್ಚಾಗಿ ನಮ್ಮ ಕಣ್ಣಿಗೆ ಬಿದ್ದದ್ದು ಹಿಂದಿನ ಬೆಟ್ಟ. ಮೈಲುಗಟ್ಟಲೆ ಒಂದು ಮನೆಯಿಲ್ಲ, ಹೊಲವಿಲ್ಲ. ಆದರೂ ದಾರಿಗಳಿವೆ. ಜನವೇ ಇಲ್ಲದ ಕಡೆ ಇಷ್ಟು ದಾರಿ ಯಾರು ಮಾಡಿದರು? ಮಾಡಿದವರು ಎಲ್ಲಿ ಹೋದರು?

ಮೊದಲು ಬಂದವು ದನ. ಸ್ಕಾಟ್ಲೆಂಡಿನ ಉತ್ತರದ ಬೆಟ್ಟಸೀಮೆಗೆ ಹೈಲ್ಯಾಂಡ್ಸ್ ಎಂದು ಹೆಸರು. ಅಲ್ಲಿಯವರ ಸಂಪತ್ತೆಂದರೆ ಸಣ್ಣ ತಳಿಯ ಕಪ್ಪು ದನ. ಬೇಸಿಗೆ ಮುಗಿಯುತ್ತಿದ್ದಂತೆ ಅವನ್ನು ತೆಂಕಣಕ್ಕೆ, ಕ್ರೀಫ್ ಮತ್ತು ಫಾಲ್ಕರ್ಕ್ ಜಾತ್ರೆಗಳಿಗೆ ಹೊಡೆದುಕೊಂಡು ಹೋಗುತ್ತಿದ್ದರು. ಸ್ಕೈ ದ್ವೀಪದ ದನಗಳನ್ನಂತೂ ಒಂದರ ಬಾಲಕ್ಕೆ ಇನ್ನೊಂದರ ದವಡೆಯ ಹಗ್ಗ ಕಟ್ಟಿ, ಸಾಲಾಗಿ ಸಮುದ್ರದ ಕಾಲುವೆ ಈಜಿಸಿ ದಾಟಿಸುತ್ತಿದ್ದರು. ಮುಂದೆ ಗಟ್ಟಿ ರಸ್ತೆ ಸಿಕ್ಕರೆ ಗೊರಸು ಸವೆಯಬಾರದೆಂದು, ನಮ್ಮಲ್ಲಿ ಎತ್ತಿಗೆ ಕಟ್ಟುವ ಹಾಗೆಯೇ ಲಾಳ ಕಟ್ಟಿಸುತ್ತಿದ್ದರು. ದನ ಹೊಡೆಯುವವನು ಆರಿಸುವ ದಾರಿಗೆ ಮೂರೇ ಲಕ್ಷಣ: ಮೇವು, ನೀರು, ಕಾಲು ಹೂಳದ ನೆಲ. ಕೆಸರು ತಪ್ಪಿಸಿ ಸಾಗುವ ಆ ಜಾಡುಗಳಲ್ಲಿ ಎಷ್ಟೋ ಇಂದು ಸೈಕಲ್ಲಿನವರ ನಕ್ಷೆಯಲ್ಲಿವೆ.

ಎರಡನೆಯದಾಗಿ ಬಂದದ್ದು ಸೈನ್ಯ. ಹೈಲ್ಯಾಂಡ್ಸ್‌ನ ಕುಲಗಳು ಲಂಡನ್ ದೊರೆಯ ವಿರುದ್ಧ ಏಳುತ್ತಲೇ ಇದ್ದವು. ಅವನ್ನು ಅಂಕೆಯಲ್ಲಿಡಲು ಜನರಲ್ ವೇಡ್ ಎಂಬ ಅಧಿಕಾರಿ 1725ರಿಂದ ಬೆಟ್ಟದೊಳಕ್ಕೆ ಸುಮಾರು 400 ಕಿ.ಮೀ. ರಸ್ತೆ ಮಾಡಿಸಿದ. ಅದರಲ್ಲಿ ಎತ್ತರದ್ದು 1731ರ ಕೊರಿಯಾರಿಕ್ ಕಣಿವೆದಾರಿ. ಸುಮಾರು 770 ಮೀಟರ್ ಎತ್ತರಕ್ಕೆ, ನಮ್ಮ ಘಾಟಿ ರಸ್ತೆಯ ಹಾಗೆ ತಿರುವು ತಿರುವಾಗಿ ಹತ್ತುತ್ತದೆ. ತಮಾಷೆಯೆಂದರೆ 1745ರಲ್ಲಿ ದಂಗೆಕೋರ ರಾಜಕುಮಾರ ಚಾರ್ಲ್ಸ್ ತನ್ನ ಪಡೆಯನ್ನು ಇದೇ ರಸ್ತೆಯಲ್ಲಿ ದಾಟಿಸಿ ಎಡಿನ್‌ಬರೋ ಕಡೆಗೆ ಹೊರಟ. ಸರ್ಕಾರ ಕಟ್ಟಿದ ರಸ್ತೆ ಸರ್ಕಾರದ ಶತ್ರುವಿಗೇ ಅನುಕೂಲವಾಯಿತು. ಮರುವರ್ಷ ಕಲ್ಲೋಡನ್ ಬಯಲಿನಲ್ಲಿ ಆ ಪಡೆ ನುಚ್ಚುನೂರಾಯಿತು, ಆ ಮಾತು ಬೇರೆ. ಈಗ ಕೊರಿಯಾರಿಕ್ ಮೇಲೆ ಮೋಟಾರು ಗಾಡಿ ಓಡಿಸುವಂತಿಲ್ಲ. ನಡೆಯಬಹುದು, ಸೈಕಲ್ ತುಳಿಯಬಹುದು.

ಜನ ಎಲ್ಲಿ ಹೋದರು ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಇದರ ನಂತರ. ಕಲ್ಲೋಡನ್ ಆದಮೇಲೆ ಕುಲದ ಯಜಮಾನರು ಬರೀ ಜಮೀನುದಾರರಾದರು. ತಲೆತಲಾಂತರದಿಂದ ಉಳುತ್ತಿದ್ದ ಗೇಣಿದಾರರಿಗಿಂತ ಕುರಿ ಹೆಚ್ಚು ಲಾಭ ತರುತ್ತದೆ ಎಂಬ ಲೆಕ್ಕ ಅವರಿಗೆ ಹೊಳೆಯಿತು. ದಕ್ಷಿಣದಿಂದ ದೊಡ್ಡ ತಳಿಯ ಕುರಿ ಬಂದವು, ಜನರನ್ನು ಒಕ್ಕಲೆಬ್ಬಿಸಲಾಯಿತು. 1792ರಲ್ಲಿ ರಾಸ್ ಸೀಮೆಯ ಜನ ಎದ್ದು ಸಾವಿರಾರು ಕುರಿಗಳನ್ನು ಒಟ್ಟುಮಾಡಿ ತೆಂಕಣಕ್ಕೆ ಅಟ್ಟತೊಡಗಿದರು. ಸೈನ್ಯ ಬಂದು ತಡೆಯಿತು. ಅಲ್ಲಿಯವರು ಇಂದಿಗೂ ಅದನ್ನು ಕುರಿ ವರ್ಷ ಎನ್ನುತ್ತಾರೆ.

ಆ ಸೀಮೆಯ ಒಬ್ಬ ಜಮೀನುದಾರನ ಹೆಸರು ನಮ್ಮ ಇತಿಹಾಸದಲ್ಲೂ ಇದೆ: ಹೆಕ್ಟರ್ ಮನ್ರೋ. 1780ರಲ್ಲಿ ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಬೇಲಿಯ ಪಡೆಯನ್ನು ಮುರಿದಾಗ, ಸಮೀಪದಲ್ಲೇ ಇದ್ದೂ ನೆರವಿಗೆ ತಲುಪದೆ ಹಿಂದೆ ಸರಿದ ಸೇನಾಪತಿ ಇವನೇ. ಊರಿಗೆ ಮರಳಿದ ಮನ್ರೋ ಫೈರಿಶ್ ಎಂಬ ಗುಡ್ಡದ ನೆತ್ತಿಯಲ್ಲಿ ನಾಗಪಟ್ಟಣದ ಹೆಬ್ಬಾಗಿಲಿನ ಮಾದರಿಯ ಕಲ್ಲಿನ ಕಮಾನು ಕಟ್ಟಿಸಿದ. ಅದು ಕೂಲಿಯಿಲ್ಲದವರಿಗೆ ಕೆಲಸ ಕೊಡಲು ಮಾಡಿದ ಕಾಮಗಾರಿ ಎಂದು ಸ್ಥಳೀಯರು ಹೇಳುತ್ತಾರೆ. ತನ್ನ ಜಮೀನಿಗೆ ಕುರಿ ತಂದವರಲ್ಲಿ ಅವನೂ ಒಬ್ಬ ಎಂಬುದನ್ನು ಆ ಮಾತಿನ ಪಕ್ಕದಲ್ಲೇ ಇಟ್ಟುಕೊಳ್ಳಬೇಕು.

ಅಲ್ಲಿಂದ ಉತ್ತರಕ್ಕೆ, ಸದರ್ಲೆಂಡ್ ಸೀಮೆಯಲ್ಲಿ ನಡೆದದ್ದು ಇನ್ನೂ ಕ್ರೂರ. ಕೌಂಟೆಸ್ ಆಫ್ ಸದರ್ಲೆಂಡ್ ಮತ್ತು ಆಕೆಯ ಗಂಡ, ಮುಂದೆ ಮೊದಲ ಡ್ಯೂಕ್ ಆದವನು, ಒಳನಾಡಿನ ಕಣಿವೆಗಳಿಂದ ಸಾವಿರಾರು ಜನರನ್ನು ಕಡಲತೀರಕ್ಕೆ ಸಾಗಹಾಕಿದರು. ದನ ಕಾಯುತ್ತಿದ್ದವರು ಮೀನು ಹಿಡಿದು ಬದುಕಲಿ ಎಂಬುದು ಯೋಜನೆ! 1814ರಲ್ಲಿ ಸ್ಟ್ರಾತ್‌ನೇವರ್ ಕಣಿವೆಯಲ್ಲಿ ಮನೆಗಳಿಗೆ ಬೆಂಕಿ ಬಿತ್ತು. ಅದನ್ನು ಮಾಡಿಸಿದ ಪಾರುಪತ್ಯಗಾರ ಪ್ಯಾಟ್ರಿಕ್ ಸೆಲ್ಲರ್ ಮೇಲೆ 1816ರಲ್ಲಿ ವಿಚಾರಣೆ ನಡೆಯಿತು. ಜಮೀನುದಾರರೇ ತುಂಬಿದ್ದ ಜ್ಯೂರಿ ಅವನನ್ನು ನಿರ್ದೋಷಿ ಎಂದಿತು.

ಡ್ಯೂಕ್ 1833ರಲ್ಲಿ ಸತ್ತ. ಗಾಲ್ಸ್‌ಪಿ ಎಂಬ ಕಡಲೂರಿನ ನೆತ್ತಿಯ ಮೇಲೆ, 397 ಮೀಟರ್ ಎತ್ತರದ ಬೆನ್ ವ್ರಾಗಿ ಬೆಟ್ಟದ ತುದಿಯಲ್ಲಿ ಅವನ ಪ್ರತಿಮೆ ಎದ್ದಿತು. ಪೀಠವೂ ಸೇರಿ ನೂರು ಅಡಿ. ಖರ್ಚಿಗೆ ಗೇಣಿದಾರರಿಂದಲೂ ವಂತಿಗೆ ಎತ್ತಿದರು. ಊರಿನಲ್ಲಿ ಎಲ್ಲಿ ನಿಂತರೂ ಅದು ಕಾಣುತ್ತದೆ. 1994ರಲ್ಲಿ ಅದನ್ನು ಕೆಡವಲು ಅನುಮತಿ ಕೇಳಿ ಅರ್ಜಿಯೂ ಬಿದ್ದಿತ್ತು. ಆದರೆ ಪ್ರತಿಮೆ ನಿಂತೇ ಇದೆ.

ಇಂದು ಅದೇ ಬೆಟ್ಟದ ಮೇಲೆ ಹೈಲ್ಯಾಂಡ್ ವೈಲ್ಡ್‌ಕ್ಯಾಟ್ ಎಂಬ ಮೌಂಟನ್ ಬೈಕ್ ದಾರಿಗಳಿವೆ. ಸವಾರರು ಒಂದೇ ಸೈಕಲ್ ಅಗಲದ ದಾರಿಯಲ್ಲಿ ಪ್ರತಿಮೆಯವರೆಗೂ ಹತ್ತಿ, ಅಲ್ಲಿಂದ ಹೆಚ್ಚುಕಡಿಮೆ ಸಮುದ್ರದ ಮಟ್ಟಕ್ಕೆ ಇಳಿಯುತ್ತಾರೆ. ಒಕ್ಕಲೆದ್ದವರು ಬಂದು ಸೇರಿದ್ದೂ ಇಂಥದೇ ಕಡಲತೀರಕ್ಕೆ. ಆ ದಾರಿ ಬೇಡ ಎಂದು ನಾವು ಹೇಳುವುದಿಲ್ಲ. ಪ್ರವಾಸಿಗರು ಬಂದರೆ ಗಾಲ್ಸ್‌ಪಿಯ ಅಂಗಡಿಗಳಿಗೆ ವ್ಯಾಪಾರ. ಆದರೆ ಪೀಠಕ್ಕೆ ಸೈಕಲ್ ಒರಗಿಸಿ ಫೋಟೊ ತೆಗೆಸಿಕೊಳ್ಳುವವನಿಗೆ, ಮೇಲೆ ನಿಂತವನು ಯಾರೆಂದು ಗೊತ್ತಿರಬೇಕು.

ಕುರಿಯ ಲಾಭ ಇಳಿದಾಗ ಜಮೀನುದಾರರು ಜಿಂಕೆಬೇಟೆಗೆ ತಿರುಗಿದರು. ಮೊದಲ ಮಹಾಯುದ್ಧದ ಹೊತ್ತಿಗೆ 30 ಲಕ್ಷ ಎಕರೆಗೂ ಹೆಚ್ಚು ನೆಲ ಬೇಟೆಯ ಮೀಸಲಾಗಿತ್ತು. ಇದನ್ನು ಅವರು ಜಿಂಕೆ ಕಾಡು ಎನ್ನುತ್ತಾರೆ, ಅದರಲ್ಲಿ ಮರ ಮಾತ್ರ ಕಡಿಮೆ. ಹೊಡೆದ ಜಿಂಕೆಯನ್ನು ತಟ್ಟುಗಳ ಮೇಲೆ ಹೇರಿ ಇಳಿಸಲು ಕೂಲಿಯಾಳುಗಳಿಂದ ಅಚ್ಚುಕಟ್ಟಾದ ದಾರಿ ಮಾಡಿಸಿದರು. ಏರು ಹದವಾಗಿದ್ದು, ಪಕ್ಕದಲ್ಲಿ ನೀರು ಹರಿಯಲು ಚರಂಡಿ. ಹೊರೆ ಹೊತ್ತ ತಟ್ಟು ಮುಗ್ಗರಿಸದ ದಾರಿಯಲ್ಲಿ ಸೈಕಲ್ಲೂ ಚೆನ್ನಾಗಿ ಓಡುತ್ತದೆ. ಟೊರಿಡನ್ ಬೆಟ್ಟಗಳಲ್ಲಿ ಬಲ್ಲ ಸವಾರರು ಹುಡುಕಿಕೊಂಡು ಹೋಗುವುದು ಈ ಬೇಟೆದಾರಿಗಳನ್ನೇ.

ಮುಂದಿನದು ಬೇಗ ಹೇಳಿಬಿಡಬಹುದು. ಯುದ್ಧದಲ್ಲಿ ಮರದ ಬರ ಕಂಡ ಬ್ರಿಟನ್ 1919ರಲ್ಲಿ ಫಾರೆಸ್ಟ್ರಿ ಕಮಿಷನ್ ಕಟ್ಟಿ, ಬೋಳು ಬೆಟ್ಟಗಳಿಗೆ ಸ್ಪ್ರೂಸ್ ಮರ ನೆಟ್ಟಿತು. 1990ರ ದಶಕದಲ್ಲಿ ವೇಲ್ಸ್‌ನ ಕೋಯ್ಡ್ ಎ ಬ್ರೆನಿನ್ ಎಂಬ ಸರ್ಕಾರಿ ಕಾಡಿನಲ್ಲಿ ಸೈಕಲ್ಲಿಗಾಗಿಯೇ ದಾರಿ ಕಡಿದದ್ದು ಮಾದರಿಯಾಯಿತು. 2001ರಲ್ಲಿ ಕಾಲುಬಾಯಿ ಬೇನೆ ಬಂತು. 60 ಲಕ್ಷಕ್ಕೂ ಹೆಚ್ಚು ಜಾನುವಾರುಗಳನ್ನು ಕೊಂದು ಸುಟ್ಟು ಹೂತರು, ಹಳ್ಳಿಯ ಕಾಲುದಾರಿಗಳನ್ನೆಲ್ಲ ಮುಚ್ಚಿದರು. ಪೆಟ್ಟು ತಿಂದ ದಕ್ಷಿಣ ಸ್ಕಾಟ್ಲೆಂಡಿಗೆ ಪ್ರವಾಸಿಗರನ್ನು ಮತ್ತೆ ಕರೆತರಲು ಸೆವೆನ್ ಸ್ಟೇನ್ಸ್ ಎಂಬ ಏಳು ಸೈಕಲ್ ಕೇಂದ್ರಗಳನ್ನು ಮಾಡಿದರು. ಉತ್ತರದ ಲ್ಯಾಗನ್ ಹಳ್ಳಿಯವರೂ ಅರಣ್ಯ ಇಲಾಖೆಯ ಜೊತೆ ಕೈಗೂಡಿಸಿದರು. ಅವರ ಕಾಡಿನಲ್ಲಿ ವುಲ್ಫ್‌ಟ್ರ್ಯಾಕ್ಸ್ ಎಂಬ ದಾರಿಗಳಾದವು. ವೇಡ್‌ನ ಕೊರಿಯಾರಿಕ್ ರಸ್ತೆ ಶುರುವಾಗುವುದೂ ಅದೇ ಲ್ಯಾಗನ್ ಬಳಿ.

ಎಲ್ಲಕ್ಕಿಂತ ದೊಡ್ಡ ಬದಲಾವಣೆ 2003ರ ಭೂಸುಧಾರಣಾ ಕಾಯ್ದೆ. ಭೂಸುಧಾರಣೆ ಎಂದರೆ ನಮಗೆ ನೆನಪಾಗುವುದು 1974, ಗೇಣಿದಾರನಿಗೆ ಸಿಕ್ಕ ಹೊಲ. ಅಲ್ಲಿ ಈ ಕಾಯ್ದೆ ಎಲ್ಲರಿಗೂ ಕೊಟ್ಟದ್ದು ದಾರಿ. 2005ರಿಂದ ಸ್ಕಾಟ್ಲೆಂಡಿನ ಬಹುತೇಕ ನೆಲದಲ್ಲಿ, ಒಡೆಯ ಯಾರೇ ಆಗಿರಲಿ, ಯಾರು ಬೇಕಾದರೂ ಕಾಲ್ನಡಿಗೆಯಲ್ಲೋ ಸೈಕಲ್ಲಿನಲ್ಲೋ ಹೋಗಬಹುದು. ಬೆಳೆ ತುಳಿಯಬಾರದು, ಮನೆಯಂಗಳಕ್ಕೆ ನುಗ್ಗಬಾರದು, ಗೇಟು ಹೇಗಿತ್ತೋ ಹಾಗೇ ಬಿಟ್ಟು ಬರಬೇಕು. ಪಕ್ಕದ ಇಂಗ್ಲೆಂಡಿನಲ್ಲಿ ಈ ಹಕ್ಕಿಲ್ಲ. ಅಲ್ಲಿ ಬರೀ ಕಾಲುದಾರಿ ಎಂದು ಗುರುತಾದ ಕಡೆ ಸೈಕಲ್ ತುಳಿಯುವ ಹಕ್ಕು ಯಾರಿಗೂ ಇಲ್ಲ.

ಗ್ಲಾಸ್ಗೋ, ಎಡಿನ್‌ಬರೋಗಳಲ್ಲಿ ಓದುವ, ದುಡಿಯುವ ನಮ್ಮ ಕಡೆಯವರು ಈಗ ಕಡಿಮೆಯಿಲ್ಲ. ಅವರಲ್ಲಿ ಯಾರಾದರೂ ಸೈಕಲ್ ಬಾಡಿಗೆಗೆ ಪಡೆದು ಹೊರಡುವುದಾದರೆ ಲ್ಯಾಗನ್‌ನಿಂದ ಶುರುಮಾಡುವುದು ಒಳ್ಳೆಯದು ಎನ್ನುತ್ತೇವೆ. ಅಲ್ಲಿ ಹಸಿರು ಗುರುತಿನ ಸುಲಭದ ದಾರಿಯಿಂದ ಕಪ್ಪು ಗುರುತಿನ ಕಷ್ಟದ್ದರವರೆಗೆ ಎಲ್ಲವೂ ಇವೆ. ನೀಲಿ, ಕೆಂಪು ನಡುವಿನವು. ಬಣ್ಣದ ಗುರುತೇ ಇಲ್ಲದ ಕೊರಿಯಾರಿಕ್, ಟೊರಿಡನ್‌ಗಳಿಗೆ ನಕ್ಷೆ ಓದಲು ಬಂದಮೇಲೆ, ಜೊತೆಗೊಬ್ಬರನ್ನು ಕರೆದುಕೊಂಡೇ ಹೋಗಬೇಕು. ಜೋರು ಮಳೆ ಬಿದ್ದ ಮರುದಿನ ಹಳ್ಳ ದಾಟುವುದು ಅಪಾಯ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಜಿಂಕೆಬೇಟೆ ಜೋರು, ಯಾವ ಬೆಟ್ಟದಲ್ಲಿ ಬಂದೂಕು ಹಿಡಿದವರಿದ್ದಾರೆಂದು ಮೊದಲೇ ವಿಚಾರಿಸಿಕೊಳ್ಳಬೇಕು. ಗಾಳಿ ನಿಂತ ಬೇಸಿಗೆಯ ಸಂಜೆ ಮಿಡ್ಜ್ ಎಂಬ ನುಸಿ ಮುಖಕ್ಕೆ ಮುತ್ತುತ್ತದೆ. ಆಗ ಸೈಕಲ್ ನಿಲ್ಲಿಸದಿರುವುದೇ ವಾಸಿ.