ಪರಸ್ಪರ ಪ್ರೀತಿಸುವ ಸಂಖ್ಯೆಗಳು

220 ಮತ್ತು 284 ಎಂಬ ಎರಡು ಸಂಖ್ಯೆಗಳನ್ನು ನೋಡಿ. 220ನ್ನು ಶೇಷವಿಲ್ಲದೆ ಭಾಗಿಸುವ, ಅದಕ್ಕಿಂತ ಚಿಕ್ಕ ಸಂಖ್ಯೆಗಳು 1, 2, 4, 5, 10, 11, 20, 22, 44, 55, 110. ಇವುಗಳ ಮೊತ್ತ 284. ಹಾಗೆಯೇ 284ರ ಭಾಜಕಗಳಾದ 1, 2, 4, 71, 142ನ್ನು ಕೂಡಿಸಿದರೆ 220. ಇಂತಹ ಜೋಡಿಗಳನ್ನು ಅರಬಿ ಗಣಿತಜ್ಞರು ‘ಮುತಹಾಬ್ಬ’, ಅಂದರೆ ಪರಸ್ಪರ ಪ್ರೀತಿಸುವ ಸಂಖ್ಯೆಗಳು ಎಂದು ಕರೆದರು.

ಈ ಒಂದು ಜೋಡಿ ಗ್ರೀಕರಿಗೂ ಗೊತ್ತಿತ್ತು. ಆದರೆ ಇಂತಹ ಜೋಡಿಗಳನ್ನು ಹುಡುಕುವ ನಿಯಮವನ್ನು ಕೊಟ್ಟು, ಅದನ್ನು ಸಾಧಿಸಿ ತೋರಿಸಿದವರು 9ನೇ ಶತಮಾನದ ಬಗ್ದಾದಿನಲ್ಲಿದ್ದ ಸಾಬಿತ್ ಇಬ್ನ್ ಕುರ್ರ. ಹರ್ರಾನ್ ಪಟ್ಟಣದ ಅವರ ಮಾತೃಭಾಷೆ ಸಿರಿಯಾಕ್. ಅವರು ಮುಸ್ಲಿಮರಲ್ಲ, ಸಾಬಿ ಪಂಥದವರು. ಬನೂ ಮೂಸಾ ಸಹೋದರರು ಅವರ ಪ್ರತಿಭೆಯನ್ನು ಗುರುತಿಸಿ ಬಗ್ದಾದಿಗೆ ಕರೆತಂದರು. ಮುಂದೆ ಖಲೀಫಾ ಮುಅ್ತಳಿದ್‌ರ ಆಸ್ಥಾನದಲ್ಲಿ ಅವರಿಗೆ ಗೌರವದ ಸ್ಥಾನ ದೊರೆಯಿತು. ಅವರು 901ರಲ್ಲಿ ನಿಧನರಾದರು.

ಅವರ ನಿಯಮವನ್ನು ಸರಳವಾಗಿ ಹೀಗೆ ಹೇಳಬಹುದು. 4, 8, 16, 32 ಹೀಗೆ ದ್ವಿಗುಣಗೊಳ್ಳುವ ಸಂಖ್ಯೆಗಳಲ್ಲಿ ಒಂದನ್ನು ಆರಿಸಿ. 4 ಎಂದಿಟ್ಟುಕೊಳ್ಳೋಣ. ಅದರ ಮೂರು ಪಟ್ಟಿನಲ್ಲಿ ಒಂದು ಕಳೆದರೆ 11. ಅದರ ಅರ್ಧವಾದ 2ರ ಮೂರು ಪಟ್ಟಿನಲ್ಲಿ ಒಂದು ಕಳೆದರೆ 5. 4, 2 ಮತ್ತು 9ನ್ನು ಗುಣಿಸಿ ಒಂದು ಕಳೆದರೆ 71. ಮೂರೂ ಅವಿಭಾಜ್ಯ ಸಂಖ್ಯೆಗಳಾದ್ದರಿಂದ 4×5×11 = 220, 4×71 = 284 ಜೋಡಿಯಾಗುತ್ತವೆ. 8ನ್ನು ಆರಿಸಿದರೆ ಮೂರನೆಯದಾಗಿ 287 ಬರುತ್ತದೆ; ಅದು 7×41. ಆದ್ದರಿಂದ ಅಲ್ಲಿ ಜೋಡಿ ಸಿಗುವುದಿಲ್ಲ.

16ರಲ್ಲಿ ನಿಯಮ ಮತ್ತೆ ಫಲಿಸುತ್ತದೆ: 17296 ಮತ್ತು 18416. ಇರಾನಿನ ಕಮಾಲುದ್ದೀನ್ ಅಲ್ ಫಾರಿಸಿ ಈ ಜೋಡಿಯನ್ನು ತೋರಿಸಿದರು. ಕಾಮನಬಿಲ್ಲು ಮೂಡುವ ಬಗೆಯನ್ನು ವಿವರಿಸಿದವರೂ ಇವರೇ. ಸಾಬಿತ್‌ರ ನಿಯಮಕ್ಕೆ ಹೊಸ ಸಾಧನೆ ನೀಡಿದ ತಮ್ಮ ಕೃತಿಗೆ ಅವರು ‘ತಝ್ಕಿರತುಲ್ ಅಹ್ಬಾಬ್’, ಅಂದರೆ ಸ್ನೇಹಿತರಿಗೆ ಜ್ಞಾಪಕ, ಎಂದು ಹೆಸರಿಟ್ಟರು.

32 ಮತ್ತು 64ರಲ್ಲಿ 95 ಅಡ್ಡ ಬರುತ್ತದೆ, ಅದು 5×19. 128ಕ್ಕೆ ಬಂದರೆ 9363584 ಮತ್ತು 9437056 ಸಿಗುತ್ತವೆ. ಇದಕ್ಕಾಗಿ 73727 ಅವಿಭಾಜ್ಯವೆಂದು ಖಚಿತಪಡಿಸಿಕೊಳ್ಳಬೇಕು. 271ರವರೆಗಿನ ಒಂದೊಂದು ಅವಿಭಾಜ್ಯದಿಂದಲೂ ಭಾಗಿಸಿ ನೋಡಬೇಕಾದ ಕೆಲಸವಿದು. 17ನೇ ಶತಮಾನದಲ್ಲಿ ಇರಾನಿನ ಮುಹಮ್ಮದ್ ಬಾಖಿರ್ ಯಝ್ದಿ ಈ ಜೋಡಿಯನ್ನು ಕಂಡುಕೊಂಡರು.

ಯುರೋಪಿನಲ್ಲಿ ಫರ್ಮಾ 1636ರಲ್ಲಿ 17296ರ ಜೋಡಿಯನ್ನೂ, ಡೆಕಾರ್ಟ್ 1638ರಲ್ಲಿ 9363584ರ ಜೋಡಿಯನ್ನೂ ಪ್ರಕಟಪಡಿಸಿದರು. ಬಹುಕಾಲ ಪುಸ್ತಕಗಳಲ್ಲಿ ಈ ಜೋಡಿಗಳಿಗೆ ಅವರಿಬ್ಬರ ಹೆಸರೇ ಉಳಿಯಿತು. ಫಾರಿಸಿ ಮತ್ತು ಯಝ್ದಿಯವರ ಹೆಸರುಗಳು ಅಲ್ಲಿ ಸೇರಬೇಕಾದುದು ನ್ಯಾಯ.

ಅದೇ ನ್ಯಾಯ ನಮಗೂ ಅನ್ವಯಿಸುತ್ತದೆ. ಎಲ್ಲವನ್ನೂ ನಮ್ಮ ಹಿರಿಯರೇ ಕಂಡುಹಿಡಿದರೆಂದು ಹೇಳಿಕೊಳ್ಳುವುದು ಸುಲಭ. ಆದರೆ ಮೊದಲ ಜೋಡಿ ಗ್ರೀಕರದು, ನಿಯಮ ಒಬ್ಬ ಸಾಬಿಯದು. ಆ ಕಾಲದ ಬಗ್ದಾದಿನ ಹಿರಿಮೆಯೆಂದರೆ ವಿದ್ವಾಂಸನ ಪಂಥವನ್ನು ನೋಡದೆ ಅವನ ವಿದ್ಯೆಗೆ ಮನೆ ಕೊಟ್ಟದ್ದು. ಇಲ್ಮ್ ಒಂದು ಅಮಾನತ್. ಯಾರಿಂದ ಪಡೆದೆವೋ ಅವರ ಹೆಸರನ್ನು ಹೇಳಿಯೇ ಅದನ್ನು ನಮ್ಮ ಮಕ್ಕಳ ಕೈಗೆ ಒಪ್ಪಿಸಬೇಕು.